ಐದು ಮುಖ, ಒಂದು ಬೆನ್ನು

ಆ ಕಟ್ಟು ನನ್ನ ಕೈಗೆ ಬಂದ ದಿನ ಬೇಡ ಎನ್ನುವಷ್ಟು ತ್ರಾಣವೂ ನನಗಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಉತ್ತರಪತ್ರಿಕೆಗಳ ಚೀಲ ಹೆಗಲಲ್ಲಿತ್ತು. ಹಾಸನದ ಬಸ್ ನಿಲ್ದಾಣದ ಹಿಂದೆ, ಸ್ಟೇಷನರಿ ಅಂಗಡಿಯ ಮೇಲಿರುವ ಪ್ರಕಾಶಕರ ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಕಿತ್ತು ಬರುತ್ತಿತ್ತು. ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಈ ಪ್ರಕಾಶಕರು ನನಗೊಮ್ಮೆ ತೋರಿಸುತ್ತಾರೆ. ನಾನು ನೋಡಿ ನಾಲ್ಕು ಸಾಲು ಬರೆದುಕೊಡುತ್ತೇನೆ. ಅಷ್ಟೇ ಎಂದುಕೊಂಡೇ ಹೋಗಿದ್ದೆ.

"ಮೇಡಂ, ಇದು ಸೂಪರ್ ಹೀರೋ ಕಾಮಿಕ್ಸು. ಒಬ್ಬ ಹೀರೋ ಅಲ್ಲ, ಐದು ಜನದ ತಂಡ," ಎಂದು ಪ್ರಕಾಶಕರು ಕಟ್ಟನ್ನು ನನ್ನ ಮುಂದೆ ಸರಿಸಿದರು. "ಕಥೆ ಅರಕಲಗೂಡಿನ ಕನ್ನಡ ಮೇಷ್ಟ್ರುದು. ಅದು ಚೆನ್ನಾಗಿದೆ, ಅದ್ರ ಬಗ್ಗೆ ಮಾತೇ ಇಲ್ಲ. ಚಿತ್ರದ್ದೇ ಅನುಮಾನ. ಚನ್ನರಾಯಪಟ್ಟಣದವರೊಬ್ಬರು ಬರೆದಿದ್ದಾರೆ. ಏನೋ ಸಪ್ಪೆ ಕಣ್ರೀ. ನೀವು ನೋಡಿ ಆಗಲ್ಲ ಅಂತ ಬರ್ಕೊಟ್ರೆ, ಕಥೆನ ಕಂಪ್ಯೂಟರ್‌ಗೆ ಕೊಟ್ಟು ಚಿತ್ರ ಮಾಡಿಸ್ಕೋತೀನಿ. ಈಗೆಲ್ಲ ಅದೇ ಮಾಡ್ಕೊಡುತ್ತಲ್ಲ."

ಅಂದರೆ ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯುವ ಮಾತನ್ನು ನನ್ನ ಬಾಯಲ್ಲಿ ಹೇಳಿಸುವುದು ಅವರ ಎಣಿಕೆ. ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಬಲ ಬೇಕಲ್ಲ. ಕಟ್ಟನ್ನು ಉತ್ತರಪತ್ರಿಕೆಗಳ ಜೊತೆಗೇ ಚೀಲಕ್ಕೆ ತುರುಕಿಕೊಂಡು ಬಸ್ ಹತ್ತಿದೆ.

ಕಾಮಿಕ್ಸನ್ನು ಪರೀಕ್ಷಿಸುವುದಕ್ಕೆ ನನ್ನದೇ ಒಂದು ಕ್ರಮವಿದೆ. ಮೊದಲು ಎಲ್ಲ ಪುಟಗಳ ಜೆರಾಕ್ಸ್ ಮಾಡಿಸುತ್ತೇನೆ. ಒಂದು ಪ್ರತಿಯಲ್ಲಿ ಮಾತಿನ ಗುಳ್ಳೆಗಳ ಮೇಲೆಲ್ಲ ಬಿಳಿ ಕಾಗದ ಅಂಟಿಸಿ ಬರೀ ಚಿತ್ರ ಓದುತ್ತೇನೆ. ಆಮೇಲೆ ಚಿತ್ರ ಪಕ್ಕಕ್ಕಿಟ್ಟು ಬರೀ ಮಾತು ಓದುತ್ತೇನೆ. ಇನ್ನೊಂದು ಪ್ರತಿಯಲ್ಲಿ ಪಾತ್ರಗಳ ಮೈಗೆಲ್ಲ ಕಪ್ಪು ಇಂಕು ತುಂಬಿ, ನೆರಳಿನಲ್ಲೇ ಯಾರು ಯಾರೆಂದು ಗೊತ್ತಾಗುತ್ತದೆಯೇ ನೋಡುತ್ತೇನೆ. ತಂಡದ ಕಥೆಯಲ್ಲಿ ಇದು ಬಹಳ ಮುಖ್ಯ. ಐವರೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಕಂಡರೆ ಓದುವ ಮಗು ಎರಡನೇ ಪುಟಕ್ಕೇ ಪುಸ್ತಕ ಮುಚ್ಚಿಬಿಡುತ್ತದೆ.

ತಂಡಕ್ಕೆ ನಮ್ಮ ಕಡೆಯ ಹೊಳೆಯದೇ ಹೆಸರು, ಹೇಮೆಪಡೆ. ಕಲ್ಲು ಮುಟ್ಟಿದರೆ ಕಲ್ಲು ಹೇಳಿದಂತೆ ಕೇಳುವ ಕಲ್ಲುಗೈ, ಗಾಳಿಯಂತೆ ಓಡುವ ಬಿರುಗಾಲಿ, ತೆಂಗಿನ ನಾರನ್ನು ಹಗ್ಗವಾಗಿ ಬೀಸಿ ಬಿಗಿಯುವ ನಾರಮ್ಮ, ತಂಬಾಕಿನ ಎಲೆ ಬೇಯಿಸಿ ಒಣಗಿಸುವ ಬ್ಯಾರನ್ನಿನಲ್ಲಿ ಹುಟ್ಟಿ ಹೊಗೆಯಾಗಿ ಕರಗಬಲ್ಲ ಹೊಗೆಯ, ಸುತ್ತಲಿನ ಸದ್ದನ್ನೆಲ್ಲ ಅಡಗಿಸುವ ಹುಡುಗಿ ಮೌನಿ. ಇವರ ಎದುರು ಮೈಕಾಸುರ. ಊರೂರಿಗೆ ಧ್ವನಿವರ್ಧಕ ಕಟ್ಟಿಸಿ, ಅದರ ಸದ್ದಿನಿಂದಲೇ ಜನರನ್ನು ತಾನು ಹೇಳಿದಂತೆ ಕುಣಿಸುವವನು. ಕೊನೆಗೆ ಅವನ ಸದ್ದಡಗಿಸಲು ಮೌನಿ ತನ್ನ ಸ್ವಂತ ದನಿಯನ್ನೇ ಶಾಶ್ವತವಾಗಿ ಬಿಟ್ಟುಕೊಡಬೇಕಾಗುತ್ತದೆ. ಕಥೆ ನನಗೆ ನಿಜವಾಗಿ ಹಿಡಿಸಿತು. ಹೊಗೆಯನಂಥ ಪಾತ್ರ ನಮ್ಮ ಕಡೆಯವರಿಗಲ್ಲದೆ ಬೇರೆ ಯಾರಿಗೆ ಹೊಳೆಯುತ್ತದೆ?

ಕಪ್ಪು ಇಂಕಿನ ಪರೀಕ್ಷೆಯಲ್ಲೂ ಕಲಾವಿದ ಗೆದ್ದ. ನಾರಮ್ಮನ ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹೊಗೆಯನ ಗೂನು ಬೆನ್ನು, ಬಿರುಗಾಲಿಯ ಉದ್ದ ಕಾಲು, ಎಲ್ಲವೂ ನೆರಳಿನಲ್ಲೇ ಬೇರೆ ಬೇರೆ. ಕೈಯೇನೋ ಪಳಗಿದ ಕೈ. ಹಾಗಿದ್ದೂ ಪುಟ ಸಪ್ಪೆ. ಪ್ರಕಾಶಕರು ಹೇಳಿದ್ದು ಸುಳ್ಳಲ್ಲ. ಹೊಡೆದಾಟದ ಪುಟದಲ್ಲಿ ಹೊಡೆದಾಟವೇ ಇಲ್ಲ. ಯಾಕೆ ಎಂದು ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ. ಕುತ್ತಿಗೆ ಹಿಡಿದುಕೊಂಡಿತು, ಅಷ್ಟೇ ಲಾಭ.

ಮಾರನೆಯ ದಿನ ಗುಳ್ಳೆ ಮುಚ್ಚಿದ ಪ್ರತಿಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿದೆ. ಕಥೆಯ ಗಂಧಗಾಳಿ ಇಲ್ಲದ ಪಿಟಿ ಮೇಷ್ಟ್ರನ್ನು ಕರೆದು, "ಇಲ್ಲಿ ಏನು ನಡೀತಾ ಇದೆ ಹೇಳಿ ಸಾರ್," ಎಂದೆ.

ಅವರು ಟೀ ಹೀರುತ್ತಾ ಬಗ್ಗಿ ನೋಡಿದರು. "ಯಾವ್ದೋ ಸನ್ಮಾನ ಕಣ್ ಮೇಡಂ. ಎಲ್ರೂ ಫೋಟೋಗೆ ನಿಂತವ್ರೆ. ಯಾವ ಸಂಘದೋರು ಇವ್ರು?"

ನಕ್ಕುಬಿಟ್ಟೆ. ಆಮೇಲೆ ಅವರು ಹೇಳಿದ್ದು ಸರಿ ಎಂದು ಕಂಡು ನಗು ನಿಂತಿತು. ಪ್ರತಿ ಚೌಕಟ್ಟಿನಲ್ಲೂ ಐವರ ಮುಖ ನಮ್ಮ ಕಡೆಗೇ. ಒಬ್ಬರ ಮುಖಕ್ಕೆ ಇನ್ನೊಬ್ಬರ ತೋಳೂ ಅಡ್ಡವಿಲ್ಲ. ಬಿರುಗಾಲಿ ಓಡುವುದು ಎಡಕ್ಕಾದರೂ ನೋಡುವುದು ನಮ್ಮನ್ನೇ. ನಡುವೆ ಕಲ್ಲುಗೈ ಎಲ್ಲರಿಗಿಂತ ದೊಡ್ಡದಾಗಿ ನಿಂತಿದ್ದಾನೆ. ಮೈಕಾಸುರನಂತೂ ಚೌಕಟ್ಟಿನ ಮೇಲ್ತುದಿಯಲ್ಲಿ ಒಂದು ದುಂಡು ವೃತ್ತದೊಳಗೆ ಕೂತಿದ್ದ.

ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದೆ. ಬಸ್ಸಿನಲ್ಲಿ ಉತ್ತರಪತ್ರಿಕೆ ತಿದ್ದಬಹುದು ಎಂದುಕೊಂಡಿದ್ದೆ. ನಿದ್ದೆ ಹೊಡೆದೆ. ತೆಂಗಿನಕಾಯಿ ಮಾರುಕಟ್ಟೆಯ ಹತ್ತಿರ ಇಳಿದು ವಿಳಾಸ ಹುಡುಕಿಕೊಂಡು ಹೋದರೆ, ಅದೊಂದು ಫ್ಲೆಕ್ಸ್ ಅಂಗಡಿ. ಗೋಡೆಗೆ ಒರಗಿಸಿದ ಬ್ಯಾನರುಗಳಲ್ಲಿ ಸಾಲು ಸಾಲು ತಲೆಗಳು. ನಡುವೆ ಹುಟ್ಟುಹಬ್ಬದವರದು ದೊಡ್ಡದು, ಸುತ್ತ ಶುಭ ಕೋರುವವರದು ಸಣ್ಣವು, ಮೇಲೆ ದುಂಡು ವೃತ್ತಗಳಲ್ಲಿ ಮುಖಂಡರು. ನನಗೆ ಹೇಳಿಕೊಡಲು ಇನ್ನು ಯಾರೂ ಬೇಕಾಗಿರಲಿಲ್ಲ.

ಕಲಾವಿದನಿಗೆ ನಲವತ್ತೈದರ ಆಸುಪಾಸು. ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟ. ನಾನು ಬಾಯಿ ತೆರೆಯುವ ಮೊದಲೇ ಗಿರಾಕಿಯೊಬ್ಬ ಸಿಡಿಮಿಡಿಗುಟ್ಟುತ್ತಾ ಒಳಗೆ ಬಂದ.

"ಏನಣ್ಣಾ ಇಂಗ್ ಮಾಡಿದ್ದೀಯಾ? ನಮ್ ಚಿಕ್ಕಪ್ಪನ ಕಿವಿ ಮ್ಯಾಲೆ ಪಕ್ಕದೋನ್ ಭುಜ ಬಂದದೆ! ನಾಳೀಕೆ ನಾನು ಅವ್ರ ಮನೆಗೆ ಓಗಂಗೈತಾ?"

ಕಲಾವಿದ ಮರುಮಾತಾಡದೆ ಕಂಪ್ಯೂಟರಿನಲ್ಲಿ ಭುಜವನ್ನು ಆಚೆ ಸರಿಸಿದ, ಚಿಕ್ಕಪ್ಪನ ಕಿವಿ ಹೊರಗೆ ತಂದ. ಗಿರಾಕಿ ಹೋದ ಮೇಲೆ ನನ್ನ ಕಡೆ ತಿರುಗಿ ಪೆಚ್ಚಾಗಿ ನಕ್ಕ. "ಮುಖಕ್ಕೆ ಯಾವ್ದೂ ಅಡ್ಡ ಬರ್ಬಾರ್ದು ಮೇಡಂ. ಬಂದ್ರೆ ಅಂಗ್ಡಿ ಮುಂದೆ ಜಗಳ. ಅದೇ ರೂಢಿ ಆಗ್ಬುಟ್ಟದೆ."

"ಕಾಮಿಕ್ಸ್‌ಗೂ ಅದೇ ರೂಢಿ ಬಂದಿದೆ ನೋಡಿ," ಎಂದು ಪುಟಗಳನ್ನು ಅವನ ಮುಂದೆ ಹರಡಿದೆ. ಒಬ್ಬರ ಹಿಂದೆ ಒಬ್ಬರು ನಿಂತರೆ ಚಿತ್ರಕ್ಕೆ ಆಳ ಬರುತ್ತದೆ, ಹೊಡೆಯುವವನು ಹೊಡೆಸಿಕೊಳ್ಳುವವನನ್ನು ನೋಡಬೇಕೇ ಹೊರತು ಓದುವವರನ್ನಲ್ಲ, ಪುಟದಲ್ಲಿ ಕಣ್ಣು ಎಡದಿಂದ ಬಲಕ್ಕೆ ಹರಿಯಬೇಕು, ನೀವು ನಡುವೆ ದೊಡ್ಡವನನ್ನು ನಿಲ್ಲಿಸಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ ಎಂದೆಲ್ಲ ಹೇಳಿದೆ. ಅವನು ಪ್ರತಿ ಮಾತಿಗೂ ತಲೆಯಾಡಿಸಿದ. ಕೊನೆಗೆ ನೆಲ ನೋಡುತ್ತಾ ಕೇಳಿದ.

"ಕಂಪ್ಯೂಟರ್‌ನಾಗೆ ಮಾಡುಸ್ತಾರಂತಲ್ಲಾ ಮೇಡಂ? ನಾನು ಮೊದ್ಲು ಬೋರ್ಡು ಬರೀತಿದ್ದೋನು. ಲಾರಿ, ಅಂಗಡಿ, ಗೋಡೆ, ಎಲ್ಲಾ ಕೈಯಾಗೇ. ಫ್ಲೆಕ್ಸ್ ಬಂದ್ಬುಡ್ತು, ಬ್ರಷ್ ಕಟ್ಟಿ ಅಟ್ಟಕ್ಕಾಕ್ದೆ. ಇದನ್ನ ಕರೆಂಟ್ ಓದಾಗೆಲ್ಲ ಕುಂತ್ಕಂಡು ಬರ್ದಿರೋದು. ಇದೂ ಓಯ್ತು ಅಂದ್ರೆ ನಾನು ಇನ್ನ ಬ್ರಷ್ ಇಡಿಯಲ್ಲ. ಬೇಜಾರಿಂದ ಯೋಳ್ತಿಲ್ಲ. ಆಗಕ್ಕಿಲ್ಲ, ಅಷ್ಟೆ."

ಅವನ ದನಿಯಲ್ಲಿ ಬೇಡಿಕೊಳ್ಳುವುದೇನೂ ಇರಲಿಲ್ಲ. ಹೊಡೆದಾಟದ ಪುಟವೊಂದನ್ನು ಮತ್ತೆ ಬರೆದು ಕಳಿಸಲು ಹೇಳಿ ಬಂದೆ. ವಾರದೊಳಗೆ ಫೋನಿಗೆ ಫೋಟೋ ಬಂತು. ಈ ಸಲ ಐವರನ್ನೂ ಮೇಲೆ ಕೆಳಗೆ ಚದುರಿಸಿದ್ದ. ಮುಖ ಮಾತ್ರ ಐದೂ ನಮ್ಮ ಕಡೆಗೇ, ಒಂದರ ಮೇಲೊಂದು ಎಲ್ಲೂ ಬಿದ್ದಿರಲಿಲ್ಲ. ಇಷ್ಟು ವರ್ಷದ ಭಯವನ್ನು ಒಂದು ಭಾನುವಾರದ ಪಾಠ ಬಿಡಿಸೀತೆಂದು ನಂಬಿದ್ದು ನನ್ನ ಪೆದ್ದುತನ.

ಪುಟದ ಕೆಳಗೆ ಅವನು ಕನ್ನಡ ಮೇಷ್ಟ್ರ ಮೂಲ ಬರಹವನ್ನೂ ಇಟ್ಟು ಫೋಟೋ ತೆಗೆದಿದ್ದ. ಅದನ್ನು ದೊಡ್ಡದು ಮಾಡಿ ಓದಿದೆ. 'ಐವರೂ ಸಾಲಾಗಿ ನಿಂತಿದ್ದಾರೆ. ಕಲ್ಲುಗೈ ಮಾತನಾಡುತ್ತಾನೆ. ನಂತರ ಬಿರುಗಾಲಿ ಮಾತನಾಡುತ್ತಾಳೆ. ನಂತರ ನಾರಮ್ಮ.' ಮುಂದಿನ ಚೌಕಟ್ಟಿನಲ್ಲೂ ಅದೇ. ಪ್ರಕಾಶಕರು ಮಾತೇ ಇಲ್ಲ ಎಂದಿದ್ದ ಬರವಣಿಗೆಯನ್ನು ನಾನೂ ಕಥೆಯ ಚೆಂದಕ್ಕೆ ಮರುಳಾಗಿ ಸಡಿಲ ಬಿಟ್ಟಿದ್ದೆ. ಈಗ ಮತ್ತೆ ಕೂತು ಬರೀ ಮಾತು ಓದಿದೆ. ಪ್ರತಿ ಚೌಕಟ್ಟಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಮಾತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕನ್ನಡದ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ಮೇಷ್ಟ್ರ ಉದ್ದುದ್ದ ವಾಕ್ಯಗಳ ಐದು ಗುಳ್ಳೆ ಕೂರಿಸಿದರೆ ಚಿತ್ರಕ್ಕೆ ಅರ್ಧ ಚೌಕಟ್ಟೂ ಉಳಿಯುವುದಿಲ್ಲ. ಆ ಉಳಿದ ಜಾಗದಲ್ಲಿ ಪಾಪ ಅವನು ಹೊಡೆದಾಟ ಎಲ್ಲಿ ಬರೆಯಬೇಕು?

ಅರಕಲಗೂಡಿಗೆ ಹೋದ ದಿನ ಬಿಸಿಲು ಸುಡುತ್ತಿತ್ತು. ಮೇಷ್ಟ್ರು ಯಾರದೋ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ನಿರೂಪಣೆ ಮಾಡುತ್ತಿದ್ದರು. ತಾಲ್ಲೂಕಿನಲ್ಲಿ ಎಲ್ಲಿ ಶಾಮಿಯಾನ ಹಾಕಿದರೂ ಮೈಕು ಇವರ ಕೈಯಲ್ಲೇ ಇರುತ್ತದೆ ಎಂದು ಪಕ್ಕದಲ್ಲಿ ಕೂತಿದ್ದವರು ಹೇಳಿದರು. ವೇದಿಕೆಯ ಮೇಲಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಎರಡು ಮಾತನಾಡಿಸಿ, ಶಾಲು ಹೊದಿಸಿ, ಯಾರಿಗೂ ನೋವಾಗದಂತೆ ಅವರು ನಡೆಸಿಕೊಟ್ಟ ರೀತಿ ನೋಡುವಂತಿತ್ತು. ನೋಡುತ್ತಾ ನೋಡುತ್ತಾ ನನಗೆ ಹೇಮೆಪಡೆಯ ಪುಟಗಳೇ ಕಣ್ಣ ಮುಂದೆ ಬಂದವು.

ಊಟದ ಪಂಕ್ತಿ ಎದ್ದ ಮೇಲೆ ಶಾಮಿಯಾನದ ಮೂಲೆಯಲ್ಲಿ ಇಬ್ಬರೂ ಕುರ್ಚಿ ಹಾಕಿಕೊಂಡೆವು. ಹೊಗೆಯನ ಪಾತ್ರವನ್ನು ಮನಸಾರೆ ಹೊಗಳಿದೆ. ಅವರ ಮುಖ ಅರಳಿತು. ಆಮೇಲೆ ಕೇಳಿದೆ.

"ಸಾರ್, ಮೌನಿಯ ಶಕ್ತಿ ಸದ್ದಡಗಿಸೋದು. ಆದ್ರೆ ಪ್ರತಿ ಪುಟದಲ್ಲೂ ಅವಳೂ ಭಾಷಣ ಮಾಡ್ತಾಳಲ್ಲ?"

"ಎಲ್ಲರಿಗೂ ಒಂದೊಂದು ಮಾತು ಕೊಟ್ಟಿದ್ದೇನೆ ಮೇಡಂ. ಅವಳೊಬ್ಬಳನ್ನು ಬಿಟ್ಟರೆ ತಪ್ಪಾಗುತ್ತದೆ."

"ಕೊನೇ ಪುಟದಲ್ಲಿ ಅವಳು ದನಿ ಕಳ್ಕೊಳ್ಳೋ ಹೊತ್ತಲ್ಲಿ, ಮಿಕ್ಕ ನಾಲ್ಕು ಜನ ಸಾಲಾಗಿ ನಿಂತು ಅವಳಿಗೆ ಧನ್ಯವಾದ ಹೇಳ್ತಾರೆ ಸಾರ್. ವಂದನಾರ್ಪಣೆ ಆದಂಗಿದೆ."

ಅವರ ಗ್ರಾಂಥಿಕ ಕನ್ನಡ ಅಲ್ಲಿಗೆ ಜಾರಿಬಿತ್ತು. "ಬರವಣಿಗೆ ಬಗ್ಗೆ ಪ್ರಕಾಶಕ್ರೇ ಒಪ್ಕಂಡವ್ರೆ. ನಿಮ್ಗೆ ಕೊಟ್ಟಿರೋದು ಚಿತ್ರ ನೋಡಕ್ಕೆ ತಾನೆ? ಅವನ್ ತಪ್ಪ ತಂದು ನನ್ ತಲೆಗೆ ಕಟ್ಬೇಡಿ," ಎಂದು ಎದ್ದು ಹೋದರು. ಬಸ್ ಸ್ಟ್ಯಾಂಡಿಗೆ ಆಟೋ ಸಿಗದೆ ನಡೆದೇ ಹೋದೆ.

ಮೇಷ್ಟ್ರು ಆಗಲೇ ದೂರು ಹೇಳಿರಬೇಕು. ಮರುದಿನ ಪ್ರಕಾಶಕರ ಫೋನು ಬಂತು. "ಮೇಡಂ, ನಾನು ಕೇಳಿದ್ದು ಹೌದು ಇಲ್ಲ ಅಂತ ಒಂದು ಕಾಗದ. ನೀವು ಊರೂರು ಸುತ್ತಿ ಎಲ್ಲರ ಮನಸ್ಸು ಕೆಡಿಸ್ತಾ ಇದ್ದೀರ. ನೋಡಿ, ಕಂಪ್ಯೂಟರ್‌ದು ಕಳ್ಸಿದ್ದೀನಿ."

ನೋಡಿದೆ. ಸುಳ್ಳು ಹೇಳಬಾರದು, ಆ ಚಿತ್ರಗಳು ಥಳಥಳ ಹೊಳೆಯುತ್ತಿದ್ದವು. ಬೆಳಕು, ಬಣ್ಣ, ಮೋಡ, ಎಲ್ಲ ಇತ್ತು. ಆದರೆ ಎರಡನೇ ಪುಟದ ನಾರಮ್ಮ ಮೊದಲ ಪುಟದ ನಾರಮ್ಮನಲ್ಲ. ಮೂರನೆಯದರಲ್ಲಿ ಅವಳ ನಾರು ಹಾವಾಗಿತ್ತು. ಹೊಗೆಯನ ಗೂನು ಮಾಯವಾಗಿ ಎದೆ ಉಬ್ಬಿತ್ತು. ಇದನ್ನೆಲ್ಲ ಹೇಳಿದರೆ, 'ಅದನ್ನ ಸರಿ ಮಾಡಿಸ್ಬಹುದು ಬಿಡಿ' ಎಂದರು. ಮಾಡಿಸಬಹುದೇನೋ.

ಆ ಸಂಜೆ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತವಳಿಗೆ ಎಲ್ಲ ಸಾಕಾಗಿತ್ತು. ಚಿತ್ರ ಆಗುವುದಿಲ್ಲ ಎಂದು ಒಂದು ಸಾಲು ಬರೆದರೆ ಪ್ರಕಾಶಕರಿಗೆ ಖುಷಿ, ಮೇಷ್ಟ್ರಿಗೆ ಖುಷಿ, ನನಗೆ ನಿದ್ದೆ. ಕಾಗದ ತೆಗೆದುಕೊಂಡು ದಿನಾಂಕವನ್ನೂ ಹಾಕಿದೆ. ಆದರೆ ಬರೆಯಬೇಕಾದ ಮಾತು ಅದಲ್ಲ ಎಂದು ನನಗೆ ಗೊತ್ತಿತ್ತು. ರೋಗ ಇಬ್ಬರಿಗೂ ಒಂದೇ. ಒಬ್ಬ ಯಾರ ಮುಖವನ್ನೂ ಮುಚ್ಚಲಾರ, ಇನ್ನೊಬ್ಬರು ಯಾರ ಬಾಯನ್ನೂ ಮುಚ್ಚಲಾರರು. ಇಬ್ಬರೂ ದಿನಾ ಜನರ ಮುನಿಸಿಗೆ ಹೆದರಿ ಬದುಕುವವರು. ಆಗ ನೆನಪಾಯಿತು: ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಬರಹ ಹಾಸನಕ್ಕೆ ಬಂದು ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಹೋಗಿದೆ, ಅಷ್ಟೇ.

ಅಭಿಪ್ರಾಯ ಬರೆಯುವುದನ್ನು ನಿಲ್ಲಿಸಿದೆ. ಇಬ್ಬರಿಗೂ ಫೋನು ಮಾಡಿ ಮುಂದಿನ ಭಾನುವಾರ ನಮ್ಮ ಶಾಲೆಗೆ ಬನ್ನಿ ಎಂದೆ. ಕಲಾವಿದ ತಕ್ಷಣ ಒಪ್ಪಿದ. ಅರಕಲಗೂಡಿನ ಮೇಷ್ಟ್ರನ್ನು ಒಪ್ಪಿಸಲು ಅವರ ಪರಿಚಯವಿದ್ದ ನಮ್ಮ ಪಿಟಿ ಮೇಷ್ಟ್ರ ಕಡೆಯಿಂದ ಹೇಳಿಸಬೇಕಾಯಿತು.

ಬಂದವರು ಡ್ರಾಯಿಂಗ್ ರೂಮಿನ ಮೇಜಿನ ಆಚೆ ಈಚೆ ಬಿಗಿದುಕೊಂಡು ಕೂತರು. ನಾನು ಇಡೀ ಪುಸ್ತಕ ಬೇಡ, ಮೌನಿಯ ಕೊನೆಯ ಪುಟ ಒಂದೇ ಸಾಕು ಎಂದೆ. ಮೇಷ್ಟ್ರಿಗೆ ಅವಳ ಭಾಷಣವನ್ನು ಗಟ್ಟಿಯಾಗಿ ಓದಲು ಹೇಳಿದೆ. ಚೆನ್ನಾಗಿಯೇ ಓದಿದರು.

"ಸಾರ್, ನೀವು ನಡೆಸೋ ಕಾರ್ಯಕ್ರಮದಲ್ಲಿ ಯಾರೂ ಮಾತಾಡದ ಹೊತ್ತು ಅಂತ ಏನಾದ್ರೂ ಇರುತ್ತಾ?" ಎಂದು ಕೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಶ್ರದ್ಧಾಂಜಲಿ ಸಭೇಲಿ ಇರ್ತದೆ. ಒಂದು ನಿಮಿಷ ಮೌನ ಅಂತ ನಾನೇ ಯೋಳೋದು." ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಒಂದ್ ನಿಮಿಷ ಆಗಕ್ಕೆ ಬಿಡಲ್ಲ ಮೇಡಂ ನಾನು. ಅರ್ಧಕ್ಕೇ ಮೈಕ್ ಇಡ್ಕಂಡು ಎಲ್ಲರೂ ಆಸೀನರಾಗಬೇಕು ಅಂದ್ಬುಡ್ತೀನಿ. ನಮ್ ಸ್ಕೂಲ್ನೋರೇ ಒಬ್ರು ತೀರ್ಕಂಡಾಗ್ಲೂ ಅಂಗೇ ಮಾಡ್ದೆ. ಅವ್ರ ಮನೆಯೋರು ಮುಂದೇನೆ ನಿಂತಿದ್ರು. ತಡ್ಕಳಕ್ಕಾಗಲ್ಲ ಕಣ್ ಮೇಡಂ ಅದನ್ನ."

ಮೇಷ್ಟ್ರು ನನ್ನ ಕೆಂಪು ಪೆನ್ನಿಗೆ ಕೈಚಾಚಿದರು. ಮೌನಿಯ ಭಾಷಣದ ಮೇಲೆ ಗೀಟು ಎಳೆದರು. ನಾಲ್ವರ ಧನ್ಯವಾದದ ಮೇಲೂ ಎಳೆದರು. ಎಳೆದು ಪೆನ್ನು ಮುಚ್ಚಿ, ಕಲಾವಿದನ ಕಡೆ ನೋಡಿ, "ಮಾತಿಲ್ಲ ಇನ್ನ. ನೀವೇ ನೋಡ್ಕಳಿ," ಎಂದರು.

ಅವನು ಗಾಬರಿಯಾದ. "ಮಾತೂ ಇಲ್ಲ ಅಂದ್ರೆ ಮುಖ್ದಾಗೇ ಎಲ್ಲಾ ತರ್ಬೇಕಲ್ಲಾ ಮೇಡಂ?"

"ಅವಳು ಯಾರನ್ನ ನೋಡ್ಬೇಕು ಈಗ? ನಮ್ಮನ್ನಾ?"

ಅವನು ಬಹಳ ಹೊತ್ತು ಪುಟವನ್ನೇ ನೋಡಿದ. "ಮೈಕಾಸುರನ್ನ," ಎಂದ. ಆಮೇಲೆ ಮೆಲ್ಲಗೆ, "ಅಂಗಾದ್ರೆ ನಮ್ಗೆ ಅವಳ ಬೆನ್ನು ಕಾಣ್ತದೆ. ಬೆನ್ನು ಬರಿ ಅಂತ ಇದುವರ್ಗೂ ಯಾರೂ ಆರ್ಡ್ರು ಕೊಟ್ಟಿಲ್ಲ ಮೇಡಂ ನಂಗೆ."

"ನಾನು ಕೊಡ್ತಾ ಇದ್ದೀನಿ."

ಬರೆಯಲು ಕೂತ. ಪೆನ್ಸಿಲಿನಲ್ಲಿ ಎರಡು ಸಲ ಅಭ್ಯಾಸದಂತೆ ತಲೆಯನ್ನು ಈ ಕಡೆ ತಿರುಗಿಸಿದ, ಎರಡು ಸಲವೂ ತಾನೇ ಅಳಿಸಿದ. ಮೂರನೆಯ ಸಲ ಮೌನಿ ಆ ಕಡೆ ತಿರುಗಿದಳು. ಬಿಚ್ಚಿಹೋದ ಜಡೆ, ಕಿವಿಯವರೆಗೆ ಏರಿದ ಭುಜ, ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈ. ಎದುರಿಗೆ ಧ್ವನಿವರ್ಧಕಗಳ ಬೆಟ್ಟ. ಮಿಕ್ಕ ನಾಲ್ವರು ಬದಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಕಲ್ಲುಗೈಯ ಮುಖ ನಾರಮ್ಮನ ತೋಳಿಗೆ ಅರ್ಧ ಮುಚ್ಚಿಹೋಗಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದು ಅವನ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಜೀವಮಾನದಲ್ಲಿ ಅಷ್ಟು ಹೊತ್ತು ಅವರು ಬಾಯಿ ಮುಚ್ಚಿಕೊಂಡು ಕೂತಿದ್ದರೋ ಇಲ್ಲವೋ. ಕಾಫಿ ತರಿಸುವ ನೆಪ ಮಾಡಿ ಹೊರಗೆ ಹೋದೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಮತ್ತೆ ಹಾಸನದ ಆ ಮೆಟ್ಟಿಲು ಹತ್ತಿದೆ. ಅಭಿಪ್ರಾಯದ ಕಾಗದ ಖಾಲಿಯೇ ಇತ್ತು. ಅದರ ಬದಲು ಆ ಒಂದು ಪುಟವನ್ನು ಪ್ರಕಾಶಕರ ಮೇಜಿನ ಮೇಲೆ, ಕಂಪ್ಯೂಟರ್ ಚಿತ್ರಗಳ ಪಕ್ಕದಲ್ಲಿ ಇಟ್ಟೆ. ನಿಂತು ವಾದ ಮಾಡುವ ಶಕ್ತಿ ನನಗಿರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತೆ.

ಅವರು ಶಾಸ್ತ್ರಕ್ಕೊಮ್ಮೆ ನೋಡುವವರ ಹಾಗೆ ಪುಟ ಎತ್ತಿಕೊಂಡರು. ನೋಡಿದರು. "ಯಾಕ್ ಮೇಡಂ ಈ ಹುಡ್ಗಿ ಅಳ್ತಾ ಇದ್ದಾಳೆ?" ಎಂದರು.

ಅವರು ಪುಟವನ್ನು ಇನ್ನೂ ಹತ್ತಿರ ತಂದರು, ಕಿಟಕಿಯ ಬೆಳಕಿಗೆ ಹಿಡಿದರು, ಏನನ್ನೋ ಹುಡುಕಿದರು. ಆಮೇಲೆ ಹುಡುಕುವುದನ್ನು ಬಿಟ್ಟು ಸುಮ್ಮನೆ ನೋಡಿದರು. ಕಂಪ್ಯೂಟರಿನ ಹಾಳೆಗಳನ್ನು ಒಟ್ಟು ಮಾಡಿ ಮೇಜಿನ ಕೆಳಗಿನ ಕಸದ ಡಬ್ಬಕ್ಕೆ ಹಾಕಿ, "ಎಲ್ಲಾ ಪುಟನೂ ಹಿಂಗೇ ತಿದ್ದಿಸಿ, ಇಬ್ಬರ ಕೈಲೂ. ಕವರ್ ಮೇಲೆ ಮಾತ್ರ ಐದೂ ಮುಖ ಕಾಣ್ಬೇಕು," ಎಂದರು. ಎಲ್ಲಾ ಪುಟ ಎಂದರೆ ಇನ್ನೆಷ್ಟು ಭಾನುವಾರ ಎಂದು ಎಣಿಸಲು ಹೋಗಲಿಲ್ಲ.

ಕೆಳಗಿಳಿದು ಬಸ್ ನಿಲ್ದಾಣದ ಗದ್ದಲದಿಂದಲೇ ಕಲಾವಿದನಿಗೆ ಫೋನು ಮಾಡಿದೆ. ಒಪ್ಪಿದ್ದಾರೆ ಎಂದೆ. ಅವನು ಹೂಂ ಎಂದ. ಪುಟ ನೋಡಿ ಪ್ರಕಾಶಕರು ಮೊದಲು ಕೇಳಿದ್ದೇನು ಎಂಬುದನ್ನೂ ಹೇಳಿದೆ. ಕರೆ ಕಡಿದುಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡೆ.

"ಅಳ್ತಾವ್ಳೆ ಅಂದ್ರಾ?" ಎಂದ ಕೊನೆಗೆ. "ನಾನು ಮುಖ್ವೇ ಬರ್ದಿಲ್ವಲ್ಲಾ ಮೇಡಂ."

"ಹೌದು, ಬರೆದಿಲ್ಲ," ಎಂದೆ. ಹೊಳೆನರಸೀಪುರದ ಬಸ್ಸು ಬಂತು.